ಮೀನು ಸತ್ತದ್ದು ದೃಷ್ಟಿಯಿಂದಲ್ಲ, ನೀರಿನಿಂದ!

ಶನಿವಾರ ಸಂಜೆ ಜಯನಗರ 4ನೇ ಬ್ಲಾಕಿನ ಬಸ್ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಕೈಯಲ್ಲಿ ಗಂಟು ಹಾಕಿದ ಪ್ಲಾಸ್ಟಿಕ್ ಕವರು ಹಿಡಿದ ಒಬ್ಬ ತಂದೆ, ಆ ಕವರಿನ ಮೇಲೇ ಕಣ್ಣು ನೆಟ್ಟ ಒಂದು ಮಗು ಕಣ್ಣಿಗೆ ಬೀಳುವುದು ಅಪರೂಪವೇನಲ್ಲ. ಕವರಿನೊಳಗೆ ಅರ್ಧ ನೀರು, ಅರ್ಧ ಗಾಳಿ, ಎರಡು ಕೆಂಪು ಮೀನು. ಬಸ್ಸಿನಲ್ಲಿ ನೂಕುನುಗ್ಗಲು. 'ಸ್ವಲ್ಪ ನೋಡ್ಕೊಂಡು ನಿಂತ್ಕೊಳ್ರೀ, ಮೀನಿದೆ' ಅಂತ ತಂದೆ. 'ಮೀನಿಗೂ ಟಿಕೆಟ್ ತಗೋತೀರಾ ಸಾರ್?' ಅಂತ ಕಂಡಕ್ಟರು. ಮಗುವಿಗೆ ಇದ್ಯಾವುದೂ ಕೇಳಿಸುವುದಿಲ್ಲ. ಅದು ಆಗಲೇ ಮೀನಿಗೆ ಹೆಸರಿಟ್ಟಾಗಿದೆ.

ಮುಂದಿನ ಶನಿವಾರ ಬರುವಷ್ಟರಲ್ಲಿ ಎರಡರಲ್ಲಿ ಒಂದು ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತದೆ. ಇನ್ನೊಂದು ನಾಲ್ಕು ದಿನ ತಡೆದು ಅದರ ಹಿಂದೆಯೇ ಹೋಗುತ್ತದೆ. ಮಗು ಅಳುತ್ತದೆ. ಅಪ್ಪ ಮತ್ತೆ ಎರಡು ತರುತ್ತಾನೆ. ಅವೂ ಸಾಯುತ್ತವೆ. ಕೊನೆಗೆ ಗಾಜಿನ ತೊಟ್ಟಿ ಅಟ್ಟ ಸೇರಿ, ಅದರೊಳಗೆ ಹಳೆಯ ಪೇಪರು, ದೀಪಾವಳಿ ಸರ ಬೀಳುತ್ತದೆ. ದಕ್ಷಿಣ ಬೆಂಗಳೂರಿನ ಎಷ್ಟು ಮನೆಯ ಅಟ್ಟಗಳಲ್ಲಿ ಇಂಥ ತೊಟ್ಟಿಗಳಿವೆಯೋ ಲೆಕ್ಕ ಇಟ್ಟವರಿಲ್ಲ.

ಅಂಗಡಿಗಳ ಕಥೆ ಇದಕ್ಕಿಂತ ಸ್ವಾರಸ್ಯ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ, ಲಕ್ಷ್ಮಿ ಫೋಟೋದ ಕೆಳಗೆ ಒಂದು ಮೀನಿನ ತೊಟ್ಟಿ. ಎಂಟು ಕೆಂಪು, ಒಂದು ಕಪ್ಪು, ಒಟ್ಟು ಒಂಬತ್ತು. ಇದು ಚೀನಾದ ಫೆಂಗ್ ಶುಯಿಯಿಂದ ಬಂದ ಲೆಕ್ಕ. ನಮ್ಮಲ್ಲಿಗೆ ಬರುವಷ್ಟರಲ್ಲಿ ವಾಸ್ತು ಆಗಿಬಿಟ್ಟಿದೆ. ಮೀನು ಸತ್ತರೆ ಸಾಹುಕಾರರಿಗೆ ಬೇಜಾರಿಲ್ಲ. 'ನಮ್ಮ ಮೇಲೆ ಬಿದ್ದ ದೃಷ್ಟಿ ಅದು ತಗೊಂಡು ಹೋಯ್ತು ಬಿಡಿ' ಅನ್ನುತ್ತಾರೆ. ಮೀನಿನ ಅಂಗಡಿಯವನಿಗಂತೂ ಈ ನಂಬಿಕೆಯಷ್ಟು ಲಾಭದ ಮಾತು ಇನ್ನೊಂದಿಲ್ಲ. ದೃಷ್ಟಿ ತಿಂಗಳಿಗೆರಡು ಬಾರಿ ಬೀಳುತ್ತದೆ, ಅವನ ಮೀನು ತಿಂಗಳಿಗೆರಡು ಬಾರಿ ಖರ್ಚಾಗುತ್ತದೆ.

ಪಾಪ, ದೃಷ್ಟಿಗೂ ಇದಕ್ಕೂ ಸಂಬಂಧವಿಲ್ಲ. ಕೊಂದದ್ದು ಅಮೋನಿಯ.

ಮೀನು ತಿಂದದ್ದನ್ನು ನೀರಿನಲ್ಲೇ ವಿಸರ್ಜಿಸಬೇಕು, ಬೇರೆ ಜಾಗವಿಲ್ಲ. ಕಿವಿರಿನಿಂದ, ಮಲದಿಂದ, ಕೊಳೆತ ತಿಂಡಿಯಿಂದ ಅಮೋನಿಯ ಹುಟ್ಟುತ್ತದೆ. ಹೊಳೆಯಲ್ಲಾದರೆ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಕಲ್ಲು, ಮಣ್ಣು, ಬೇರು ಎಲ್ಲದರ ಮೇಲೂ ಇರುತ್ತವೆ. ಒಂದು ಜಾತಿ ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟು ಹೆಚ್ಚಿನ ಅಪಾಯವಿಲ್ಲದ್ದು, ಗಿಡಗಳಿಗೆ ಗೊಬ್ಬರ. ಹೊಸದಾಗಿ ತುಂಬಿಸಿದ ತೊಟ್ಟಿಯಲ್ಲಿ ಈ ಜೀವಿಗಳ ಸಂಸಾರ ಬೆಳೆದು ನಿಲ್ಲಲು 3ರಿಂದ 6 ವಾರ ಬೇಕು. ನಾವು ಶನಿವಾರ ತೊಟ್ಟಿ ತಂದು, ಶನಿವಾರವೇ ನೀರು ತುಂಬಿ, ಅದೇ ಸಂಜೆ ಮೀನು ಬಿಡುತ್ತೇವೆ. ಪಾಯಿಖಾನೆ ಇಲ್ಲದ ಮನೆಗೆ ಒಂಬತ್ತು ಜನ ಬಾಡಿಗೆದಾರರನ್ನು ಬಿಟ್ಟ ಹಾಗಾಯಿತು.

ಈ ತೊಂದರೆಗೆ ಹಳೆಯ ಪರಿಹಾರವೊಂದಿದೆ: ಗಿಡ. ಪ್ಲಾಸ್ಟಿಕ್ ಗಿಡವಲ್ಲ, ಬೇರು ಬಿಟ್ಟು ಬೆಳೆಯುವ ನಿಜವಾದ ಗಿಡ. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎಂಬಾತ ಎರಡು ಗೋಲ್ಡ್‌ಫಿಶ್, ಒಂದಿಷ್ಟು ಬಸವನಹುಳು, ವ್ಯಾಲಿಸ್ನೇರಿಯ ಎಂಬ ನೀರುಗಿಡ ಇಷ್ಟನ್ನು ಒಂದೇ ಪಾತ್ರೆಯಲ್ಲಿಟ್ಟು, ಒಂದರ ಹೊಲಸು ಇನ್ನೊಂದರ ಆಹಾರವಾಗುವುದನ್ನು ತೋರಿಸಿಕೊಟ್ಟ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕರಿಗೆ ಮೀನಿನ ಮನೆ ತೆರೆಯಿತು. ಅಕ್ವೇರಿಯಂ ಎಂಬ ಹೆಸರನ್ನು ಬಳಕೆಗೆ ತಂದದ್ದು 1854ರಲ್ಲಿ ಫಿಲಿಪ್ ಗಾಸ್. ವಾರಿಂಗ್ಟನ್ನಿನ ಆ ವ್ಯಾಲಿಸ್ನೇರಿಯದ ಬಂಧುಗಳು ನಮ್ಮ ಕೆರೆಗಳಲ್ಲೂ ಉದ್ದ ಹುಲ್ಲಿನ ಹಾಗೆ ಬೆಳೆಯುತ್ತವೆ.

ನಮ್ಮವರಿಗೆ ಮೀನಿನ ವಿಚಾರ ಹೊಸದು ಅಂತ ತಿಳಿಯಬೇಡಿ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವಿದೆ. ಯಾವ ಮೀನು ಎಲ್ಲಿರುತ್ತದೆ, ಯಾವುದಕ್ಕೆ ಏನು ತಿನ್ನಿಸಬೇಕು ಎಂಬುದನ್ನೆಲ್ಲ ವಿವರಿಸಿದ್ದಾನೆ. ದೊರೆಯ ಉದ್ದೇಶ ಗಾಳ ಹಾಕುವುದಾಗಿತ್ತು, ಆ ಮಾತು ಬೇರೆ. ಬೆಂಗಳೂರಿನ ಮಟ್ಟಿಗೆ ಹೇಳುವುದಾದರೆ ಕಬ್ಬನ್ ಪಾರ್ಕಿನ ಅಂಚಿನಲ್ಲಿ ಸರಕಾರಿ ಮತ್ಸ್ಯಾಲಯ ತೆರೆದದ್ದು 1983ರಲ್ಲಿ. ಶಾಲೆಯಿಂದ ಸಾಲಾಗಿ ಕೈ ಹಿಡಿದುಕೊಂಡು ಅದನ್ನು ನೋಡಲು ಹೋದ ಮಕ್ಕಳೇ ಈಗ ತಮ್ಮ ಮಕ್ಕಳಿಗೆ ಮೀನು ತಂದುಕೊಡುವ ಅಪ್ಪಂದಿರು.

ಕಾವೇರಿಯೋ, ಬೋರೋ?

ದಕ್ಷಿಣ ಬೆಂಗಳೂರಿನಲ್ಲಿ ಮೀನು ಸಾಕುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ. ಯಾವ ಮೀನು ಅನ್ನುವುದು ಆಮೇಲೆ.

1974ರಿಂದ ಈ ಊರು ಕಾವೇರಿ ಕುಡಿಯುತ್ತಿದೆ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ, ಮೇಲಕ್ಕೆ ಪಂಪು ಮಾಡಿ ತರುವ ನೀರು. 2024ರ ಅಕ್ಟೋಬರಿನಲ್ಲಿ ಐದನೇ ಹಂತವೂ ಉದ್ಘಾಟನೆಯಾಯಿತು. ನೀರು ಒಳ್ಳೆಯದೇ, ಗಡಸು ಕಡಿಮೆ. ಆದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ನಮ್ಮ ಹೊಟ್ಟೆಯ ಕ್ರಿಮಿಗೆ ಹಾಕಿದ ಔಷಧಿ ಮೀನಿನ ಕಿವಿರನ್ನು ಸುಡುತ್ತದೆ. ಫಿಲ್ಟರಿನಲ್ಲಿ ಕಷ್ಟಪಟ್ಟು ಬೆಳೆಸಿದ ಜೀವಿಗಳನ್ನೂ ಕೊಲ್ಲುತ್ತದೆ. ಉಪಾಯ ಸುಲಭ. ಅಗಲ ಬಾಯಿಯ ಬಕೆಟಿನಲ್ಲಿ ಹಿಡಿದು ಒಂದು ಹಗಲು ಒಂದು ರಾತ್ರಿ ತೆರೆದಿಡಿ, ಕ್ಲೋರಿನ್ ಹಾರಿಹೋಗುತ್ತದೆ. ಅವಸರವಿದ್ದರೆ ಮೀನಿನ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ತೆಗೆಯುವ ದ್ರಾವಣದ ಹನಿ. ಹಳಬರು ಫೋಟೋ ಸ್ಟುಡಿಯೋದಿಂದ ಹೈಪೋ ಹರಳು ತಂದು ಹಾಕುತ್ತಿದ್ದರು. ಅದೂ ಇದೂ ಒಂದೇ ಸರಕು, ಸೋಡಿಯಂ ಥಯೋಸಲ್ಫೇಟ್. ಫಿಲಂ ತೊಳೆಯುವ ಸ್ಟುಡಿಯೋಗಳೇ ಹೋದವು, ಹೈಪೋ ಮಾತ್ರ ಮೀನಿನ ಅಂಗಡಿಯಲ್ಲಿ ಉಳಿದುಕೊಂಡಿದೆ.

ಜೆ.ಪಿ. ನಗರದ ಆಚೆಯ ಹಂತಗಳಲ್ಲಿ, ಬಿಟಿಎಂ ಲೇಔಟಿನ ಎಷ್ಟೋ ಕಟ್ಟಡಗಳಲ್ಲಿ ಕೊಳವೆಬಾವಿ ನೀರು. ಪಾತ್ರೆಗೆ ಬಿಳಿ ಕಲೆ ಕಟ್ಟುವುದು, ಗೀಸರಿನ ಕಾಯಿಲ್ ಹೋಗುವುದು, ತಲೆಗೆ ಶಾಂಪೂ ನೊರೆ ಬಾರದಿರುವುದು ಎಲ್ಲವೂ ಇದರದೇ ಪ್ರತಾಪ. ಇದರಲ್ಲಿ ಕ್ಲೋರಿನ್ ತೊಂದರೆ ಸಾಮಾನ್ಯವಾಗಿ ಇಲ್ಲ, ಆದರೆ ಸುಣ್ಣ ಜಾಸ್ತಿ, ಕ್ಷಾರ ಜಾಸ್ತಿ. ಕ್ಷಾರದ ನೀರಿನಲ್ಲಿ ಅಮೋನಿಯದ ವಿಷ ಇನ್ನೂ ಏರುತ್ತದೆ. ಅಂದರೆ ಕಾವೇರಿ ಮನೆಯಲ್ಲಿ ಹೇಗೋ ಬದುಕಿಕೊಂಡ ಮೀನು ಬೋರು ಮನೆಯಲ್ಲಿ ಅಷ್ಟೇ ಕೊಳಕಿಗೆ ಸತ್ತುಹೋಗಬಹುದು. 'ಪಕ್ಕದ್ಮನೇಲಿ ಚೆನ್ನಾಗಿದೆ, ನಮ್ಮನೇಲಿ ಮಾತ್ರ ಯಾಕ್ರೀ ಹೀಗೆ' ಎಂಬ ಪ್ರಶ್ನೆಗೆ ಬಹಳ ಸಲ ಇದೇ ಉತ್ತರ.

ಅಪಾರ್ಟ್‌ಮೆಂಟಿನವರು ಇನ್ನೂ ಒಂದು ವಿಷಯ ಗಮನಿಸಬೇಕು. ಮಹಡಿಯ ಮೇಲೆ ಸಾಫ್ಟ್‌ನರ್ ಕೂರಿಸಿದ್ದರೆ ನಲ್ಲಿಯಲ್ಲಿ ಬರುವ ನೀರಿನಿಂದ ಸುಣ್ಣ ಹೋಗಿ ಅದರ ಜಾಗದಲ್ಲಿ ಸೋಡಿಯಂ ಕೂತಿರುತ್ತದೆ. ಗಿಡಕ್ಕೆ ಬೇಕಾದ ಸುಣ್ಣ, ಮೆಗ್ನೀಸಿಯಂ ಎರಡೂ ಖೋತಾ. ಕುಡಿಯಲು ಇಟ್ಟ ಆರ್‌ಓ ಯಂತ್ರದ ನೀರಿನಲ್ಲೂ ಲವಣಗಳು ಇಲ್ಲವೆನ್ನುವಷ್ಟು ಕಡಿಮೆ, ಅದೊಂದನ್ನೇ ತುಂಬಿದರೂ ಆಗದು. ಗಡಸು ಬೋರು ನೀರಿಗೆ ಅರ್ಧಕ್ಕರ್ಧ ಆರ್‌ಓ ನೀರು ಬೆರೆಸಿದರೆ ಬಡಪಾಯಿ ಮೀನಿಗೆ ಹಿತವಾಗುತ್ತದೆ. ಟ್ಯಾಂಕರ್ ನೀರಂತೂ ಇವತ್ತಿನದು ಇವತ್ತಿಗೆ. ನಾಳೆಯ ಟ್ಯಾಂಕರು ಯಾವ ಬೋರಿನದೋ ದೇವರೇ ಬಲ್ಲ. ಟ್ಯಾಂಕರ್ ನೆಚ್ಚಿದವರು ಒಂದೇ ಸಲ ಹೆಚ್ಚು ನೀರು ಬದಲಿಸಬಾರದು.

ನೀರಿನ ಮಾತು ಬಂದಾಗ 2024ರ ಮಾರ್ಚಿ ನೆನಪಾಗದಿರದು. ಬೋರು ಬತ್ತಿ, ಟ್ಯಾಂಕರಿಗೆ ಸರದಿ ನಿಂತು, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ತೋಟಕ್ಕೆ ಬಿಟ್ಟರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿದ ಬೇಸಿಗೆ ಅದು. ಅಂಥ ಊರಿನಲ್ಲಿ ಮೀನಿಗೆ ನೀರು ಅಂದರೆ ಯಾರಿಗಾದರೂ ಸಿಟ್ಟು ಬಂದೀತು. ಲೆಕ್ಕ ಹಾಕಿ ನೋಡಿ: ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಗೆ ಹಿಡಿಯುವುದು ಸುಮಾರು 56 ಲೀಟರು, ಮರಳು, ಕಲ್ಲು ಕಳೆದು, ಮೇಲೆ ಎರಡು ಬೆರಳು ಬಿಟ್ಟರೆ ಹತ್ತಿರಹತ್ತಿರ 45. ಗಿಡ ಚೆನ್ನಾಗಿ ಹಿಡಿದ ಮೇಲೆ ವಾರಕ್ಕೆ ಕಾಲು ಭಾಗ ಬದಲಿಸಿದರೆ ಸಾಕು, ಅಂದರೆ ಒಂದು ಬಕೆಟು ತುಂಬುವಷ್ಟೂ ಇಲ್ಲ. ತೆಗೆದ ನೀರು ಚರಂಡಿಗೆ ಹೋಗಬೇಕಾಗಿಲ್ಲ. ಅದರಲ್ಲಿ ನೈಟ್ರೇಟು ಇರುತ್ತದೆ. ತುಳಸಿಗೆ, ಕರಿಬೇವಿಗೆ, ದಾಸವಾಳಕ್ಕೆ ಅದು ಪುಕ್ಕಟೆ ಗೊಬ್ಬರ.

ತೊಟ್ಟಿ ಮತ್ತು ಮಣ್ಣು

ದುಂಡನೆಯ ಗಾಜಿನ ಬೋಗುಣಿ ಕೊಳ್ಳಬೇಡಿ. ನೋಡಲು ಚೆಂದ, ಸಿನಿಮಾದಲ್ಲಿ ಇನ್ನೂ ಚೆಂದ. ಆದರೆ ಅದರಲ್ಲಿ ನೀರು ಕಡಿಮೆ, ಬಾಯಿ ಕಿರಿದು, ಫಿಲ್ಟರಿಗೆ ಜಾಗವಿಲ್ಲ. ನೀರು ಕಡಿಮೆಯಾದಷ್ಟೂ ವಿಷ ಬೇಗ ಏರುತ್ತದೆ. ಚಿಕ್ಕ ತೊಟ್ಟಿ ನಿಭಾಯಿಸುವುದು ಸುಲಭ ಎಂದು ತಿಳಿದವರೇ ಹೆಚ್ಚು. ನಿಜ ಇದರ ತದ್ವಿರುದ್ಧ. ಎರಡಡಿ ತೊಟ್ಟಿ ಮೊದಲ ಸಲದವರಿಗೆ ಹದವಾದ ಅಳತೆ.

ಎಲ್ಲಿಡುವುದು? ನೀರು, ಗಾಜು, ಮರಳು ಸೇರಿ ತೂಕ 70 ಕಿಲೋ ಹತ್ತಿರ ಹೋಗುತ್ತದೆ, ಒಬ್ಬ ದಷ್ಟಪುಷ್ಟ ಮನುಷ್ಯ ಹಗಲು ರಾತ್ರಿ ಮೇಲೆ ಕೂತ ಹಾಗೆ. ಟಿವಿ ಸ್ಟ್ಯಾಂಡು, ಪ್ಲೈವುಡ್ ಶೋಕೇಸು ತಡೆಯುವುದಿಲ್ಲ. ಕಡಪಾ ಕಲ್ಲಿನ ಕಟ್ಟೆ ಅಥವಾ ಕಬ್ಬಿಣದ ಸ್ಟ್ಯಾಂಡು ಇರಲಿ, ಕೆಳಗೆ ಥರ್ಮೋಕೋಲ್ ಹಾಳೆ ಹಾಸಿ. ಇಲ್ಲದಿದ್ದರೆ ಒಂದು ಸಣ್ಣ ಹರಳು ಸಾಕು, ತಳದ ಗಾಜು ಸೀಳು ಬಿಡಲು. ಕಿಟಕಿಯ ಬಿಸಿಲು ನೇರವಾಗಿ ಬೀಳುವ ಕಡೆ ಇಟ್ಟರೆ ಹದಿನೈದು ದಿನದಲ್ಲಿ ನೀರು ಹಸಿರು ಪಾಯಸ.

ಗಿಡ ಬೆಳೆಸಲು ದುಬಾರಿ ಮಣ್ಣೇ ಬೇಕೆಂದಿಲ್ಲ. ಅಮೆರಿಕದ ಡಯಾನಾ ವಾಲ್‌ಸ್ಟಾಡ್ 1999ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಸಾಮಾನ್ಯ ಮಣ್ಣಿನ ಪದ್ಧತಿ ಜಗತ್ತಿನಾದ್ಯಂತ ಹೆಸರಾಯಿತು. ನಮ್ಮ ಬೆಂಗಳೂರಿನ ಕೆಮ್ಮಣ್ಣು ಈ ಕೆಲಸಕ್ಕೆ ಆಗುತ್ತದೆ. ಸಗಣಿ ಗೊಬ್ಬರ, ಬೇವಿನ ಹಿಂಡಿ, ಯೂರಿಯ ಬೀಳದ ಜಾಗದ ಮಣ್ಣು ತಂದು, ಜರಡಿ ಹಿಡಿದು, ನೀರಿನಲ್ಲಿ ಕದಡಿ ತೇಲುವ ಕಸ ತೆಗೆದು, ಒಂದಂಗುಲ ಹಾಸಿ. ಅದರ ಮೇಲೆ ತೊಳೆದ ಮರಳು ಒಂದೂವರೆ ಅಂಗುಲ. ಗೊಬ್ಬರ ಬೆರೆತ ಮಣ್ಣು ಹಾಕಿದರೆ ಅಮೋನಿಯಕ್ಕೆ ನೀವೇ ಆಮಂತ್ರಣ ಪತ್ರಿಕೆ ಕೊಟ್ಟಂತೆ. ಮನೆ ಕಟ್ಟುವ ಎಂ-ಸ್ಯಾಂಡ್ ಆದೀತೇ ಎಂದು ಕೇಳುವವರಿದ್ದಾರೆ. ಅದು ಪುಡಿ ಮಾಡಿದ ಕಲ್ಲು. ಧೂಳು ಹೋಗುವ ತನಕ ತೊಳೆಯುವಷ್ಟರಲ್ಲಿ ನೀವೂ ಕರಗಿಹೋಗುತ್ತೀರಿ, ಅಲ್ಲದೆ ಅದರ ಅಂಚು ಚೂಪು.

ಅಲಂಕಾರಕ್ಕೆ ಬಿಳಿ ಅಮೃತಶಿಲೆ ಚೂರು, ಕಪ್ಪೆಚಿಪ್ಪು, ಶಂಖ ಹಾಕುವ ಪದ್ಧತಿ ಉಂಟು. ಇವೆಲ್ಲ ಸುಣ್ಣ. ಮೊದಲೇ ಗಡಸಾದ ನೀರನ್ನು ಇನ್ನಷ್ಟು ಗಡಸು ಮಾಡುತ್ತವೆ. ಅನುಮಾನವಿದ್ದರೆ ಕಲ್ಲಿನ ಮೇಲೆ ನಾಲ್ಕು ಹನಿ ನಿಂಬೆರಸ ಬಿಟ್ಟು ನೋಡಿ. ಗುಳ್ಳೆ ಎದ್ದರೆ ಕಲ್ಲು ತೊಟ್ಟಿಗೆ ಬೇಡ.

ನಮ್ಮ ಗದ್ದೆಯ ಕಳೆ, ಫಾರಿನ್ ಲೇಬಲ್

ಗಿಡಗಳ ವಿಚಾರದಲ್ಲಿ ಒಂದು ತಮಾಷೆ ಇದೆ. ರೊಟಾಲ ಮ್ಯಾಕ್ರಾಂಡ್ರ ಎಂಬ ಕೆಂಪು ಗಿಡಕ್ಕೆ ಜಗತ್ತಿನ ಅಕ್ವೇರಿಯಂ ಹುಚ್ಚರೆಲ್ಲ ಬಾಯಿ ಬಿಡುತ್ತಾರೆ. ಅದರ ತವರು ಪಶ್ಚಿಮಘಟ್ಟದ ಆಸುಪಾಸು. ಕ್ರಿಪ್ಟೊಕೊರೈನ್, ಲಾಜೆನಾಂಡ್ರ ಜಾತಿಯ ಕೆಲವು ಗಿಡಗಳೂ ನಮ್ಮ ಘಟ್ಟದ ಹೊಳೆಯಂಚಿನವೇ. ಅವು ಹೊರದೇಶದ ಪ್ರಯೋಗಾಲಯದಲ್ಲಿ ಬೆಳೆದು, ಮುಚ್ಚಳದ ಡಬ್ಬಿಯಲ್ಲಿ ಇಂಗ್ಲಿಷ್ ಲೇಬಲ್ ಹೊತ್ತು, ವಿಮಾನದಲ್ಲಿ ಊರಿಗೆ ಮರಳಿದಾಗ ನಾವು ದುಡ್ಡು ಕೊಟ್ಟು ಬರಮಾಡಿಕೊಳ್ಳುತ್ತೇವೆ.

ಹೊಸಬರು ಅಷ್ಟು ದೂರ ಹೋಗುವುದು ಬೇಡ. ವ್ಯಾಲಿಸ್ನೇರಿಯ, ಹೈಡ್ರಿಲ್ಲ, ಹೈಗ್ರೊಫಿಲ ಈ ಮೂರು ನಮ್ಮ ಗಡಸು ನೀರಿಗೂ ಜಗ್ಗುವುದಿಲ್ಲ, ಬೇಗ ಬೆಳೆಯುತ್ತವೆ. ಬೇಗ ಬೆಳೆಯುವುದೇ ಮುಖ್ಯ. ಬೆಳೆಯುವ ಗಿಡ ಅಮೋನಿಯವನ್ನು ನೇರವಾಗಿಯೇ ಹೀರಿಕೊಳ್ಳುತ್ತದೆ, ಪಾಚಿಗೂ ತಿನ್ನಲು ಬಿಡುವುದಿಲ್ಲ. ಜಾವಾ ಫರ್ನ್, ಅನೂಬಿಯಸ್ ನಿಧಾನದವು; ಅವುಗಳ ಕಾಂಡವನ್ನು ಮರಳಿನಲ್ಲಿ ಹೂಳಿದರೆ ಕೊಳೆಯುತ್ತದೆ, ಕಲ್ಲಿಗೋ ಕಟ್ಟಿಗೆಗೋ ದಾರದಲ್ಲಿ ಕಟ್ಟಬೇಕು. ನೀರುಬ್ರಾಹ್ಮಿ ಕೂಡ ತೊಟ್ಟಿಯಲ್ಲಿ ಸೊಗಸಾಗಿ ನಿಲ್ಲುತ್ತದೆ. ಬ್ರಾಹ್ಮಿ ಅಂತ ಸೊಪ್ಪಿನ ಗಾಡಿಯಲ್ಲಿ ಸಿಗುವ ಒಂದೆಲಗ ತಂದು ನೆಟ್ಟವರೂ ಇದ್ದಾರೆ. ಅದು ಬೇರೆ ಗಿಡ ಸ್ವಾಮಿ, ಅದಕ್ಕೆ ಒದ್ದೆ ನೆಲ ಬೇಕು, ಮುಳುಗಿಸಿದರೆ ಕೊಳೆಯುತ್ತದೆ. ತಂಬುಳಿಗೇ ಬಿಟ್ಟುಬಿಡಿ. ಅಂಗಡಿಯಲ್ಲಿ ಕೆಂಪಗೆ ಹೊಳೆಯುವ ಆಲ್ಟರ್‌ನಾಂತರ ಗಿಡ ನೋಡಿದರೆ ಮಾತ್ರ ಅದು ನಮ್ಮ ಹೊನಗೊನೆ ಸೊಪ್ಪಿನ ದಾಯಾದಿ, ದಕ್ಷಿಣ ಅಮೆರಿಕದ್ದು ಎಂದು ತಿಳಿದಿರಲಿ.

ಬೆಳಕು ದಿನಕ್ಕೆ 6ರಿಂದ 8 ಗಂಟೆ. ಅಂಗಡಿ ತೆರೆದಾಗ ಹಾಕಿ ರಾತ್ರಿ ಬಾಗಿಲು ಹಾಕುವಾಗ ಆರಿಸುವ ಅಭ್ಯಾಸವಿದ್ದರೆ ಅದು 12 ಗಂಟೆಯಾಗುತ್ತದೆ, ಪಾಚಿ ಗ್ಯಾರಂಟಿ. 10 ವಾಟಿನ ಎಲ್‌ಇಡಿ ದೀಪ ಎಂಟು ಗಂಟೆ, 5 ವಾಟಿನ ಫಿಲ್ಟರು ಇಡೀ ದಿನ, ಎರಡೂ ಸೇರಿ ತಿಂಗಳಿಗೆ ಆರು ಯೂನಿಟ್ ಕರೆಂಟು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಗಿಲಿಂಡರ್ ಅಂತ ಅಂಗಡಿಯವನು ಶುರು ಮಾಡಿದರೆ ಕೈಮುಗಿದು ಬನ್ನಿ. ಜಪಾನಿನ ತಕಾಶಿ ಅಮಾನೊ ಗಾಜಿನ ತೊಟ್ಟಿಯಲ್ಲಿ ಕಾಡು, ಬೆಟ್ಟ ಕಟ್ಟಿ ತೋರಿಸಿದ ಮೇಲೆ ಆ ಶೋಕಿ ಎಲ್ಲ ಕಡೆ ಹಬ್ಬಿತು. ಚೆಂದವೇನೋ ಹೌದು. ಮೇಲೆ ಹೇಳಿದ ಗಿಡಗಳಿಗೆ ಅದು ಬೇಕಿಲ್ಲ.

ನಾಲ್ಕು ವಾರದ ಉಪವಾಸ

ಗಿಡ ನೆಟ್ಟು, ತಟ್ಟೆಯ ಮೇಲೆ ಮೆಲ್ಲಗೆ ನೀರು ಸುರಿದು, ಫಿಲ್ಟರ್ ಹಾಕಿದಿರಿ. ಈಗ ಬರುವುದೇ ಕಷ್ಟದ ಭಾಗ. ಏನೂ ಮಾಡದೆ ಕಾಯುವುದು.

ಮೀನಿಲ್ಲದ ತೊಟ್ಟಿಗೆ ದಿನಕ್ಕೊಂದು ಚಿಟಿಕೆ ಮೀನಿನ ತಿಂಡಿ ಹಾಕಬೇಕು. ಅದು ಕೊಳೆತು ಅಮೋನಿಯ ಆಗಿ, ಆ ಜೀವಿಗಳು ತಿಂದು ಬೆಳೆಯುತ್ತವೆ. ಮನೆಯವರು 'ಯಾರಿಗ್ರೀ ಊಟ ಹಾಕ್ತಿದೀರಾ' ಅಂತ ನಗುತ್ತಾರೆ, ನಗಲಿ. ಹಳೆಯ ತೊಟ್ಟಿ ಇಟ್ಟ ಸ್ನೇಹಿತರಿದ್ದರೆ ಅವರ ಫಿಲ್ಟರಿನ ಕೊಳಕು ಸ್ಪಂಜಿನ ತುಂಡೊಂದು ಬೇಡಿ ತನ್ನಿ. ಹೆಪ್ಪು ಹಾಕಿದ ಹಾಗೆ; ಕಾಯುವ ದಿನ ಅರ್ಧಕ್ಕರ್ಧ ಇಳಿಯಬಹುದು. ಅಮೋನಿಯ, ನೈಟ್ರೈಟ್ ಅಳೆಯುವ ಹನಿ-ಬಾಟಲಿ ಕಿಟ್ಟು ಅಂಗಡಿಗಳಲ್ಲಿ ಸಿಗುತ್ತದೆ. ಎರಡೂ ಸೊನ್ನೆ ತೋರಿಸಿದ ದಿನ ತೊಟ್ಟಿ ಸಿದ್ಧ. ಮೀನು ಮಾರುವವನು ಈ ನಾಲ್ಕು ವಾರದ ಮಾತು ಹೇಳುವುದಿಲ್ಲ. ಹೇಳಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ ಎಂಬ ಭಯ ಅವನಿಗೆ. ಆದರೆ ಹೇಳುವ ಅಂಗಡಿಯೂ ಉಂಟು. 'ಈಗ ಗಿಡ ತಗೊಂಡೋಗಿ, ಮೀನು ಮುಂದಿನ ತಿಂಗಳು ಕೊಡ್ತೀನಿ' ಅಂದವನ ಅಂಗಡಿಯನ್ನು ಬಿಡಬೇಡಿ.

ಮೊದಲ ಮೀನು ಗೋಲ್ಡ್‌ಫಿಶ್ ಆಗದಿರಲಿ. ಅದು ಸರಿಯಾಗಿ ಬೆಳೆದರೆ ಗೇಣುದ್ದ, ಹತ್ತು ವರ್ಷಕ್ಕೂ ಮೇಲೆ ಬದುಕುವ ಪ್ರಾಣಿ. ತಿನ್ನುವುದೂ ಗಲೀಜು ಮಾಡುವುದೂ ಎರಡೂ ಜೋರು, ನೆಟ್ಟ ಗಿಡ ಕಿತ್ತು ಹಾಕುತ್ತದೆ. ಎರಡಡಿ ತೊಟ್ಟಿಯಲ್ಲಿ ಅಂಥವು ಒಂಬತ್ತು ಅಂದರೆ ಬೆಳಗಿನ 9 ಗಂಟೆಯ ಬನಶಂಕರಿ ಬಸ್ಸು.

ಜೀಬ್ರಾ ಡ್ಯಾನಿಯೊ ನಮ್ಮ ದೇಶದ್ದೇ ಮೀನು, ಎರಡಂಗುಲ ಮೀರದು, ಆರೋ ಎಂಟೋ ಒಟ್ಟಿಗಿದ್ದರೆ ಇಡೀ ದಿನ ಓಡಾಟ. ಚಳಿ ತಡೆಯುತ್ತದೆ, ಗಡಸು ನೀರಿಗೂ ಒಗ್ಗುತ್ತದೆ. ಡಿಸೆಂಬರ್, ಜನವರಿಯ ರಾತ್ರಿ ಬಿಟ್ಟರೆ ಬೆಂಗಳೂರಿನ ಹವೆಯಲ್ಲಿ ಇವಕ್ಕೆ ಹೀಟರ್ ಬೇಡ. ಗಪ್ಪಿ ಇನ್ನೂ ಸುಲಭ, ಗಡಸು ನೀರೆಂದರೆ ಅದಕ್ಕೆ ಖುಷಿ. ಸೊಳ್ಳೆಮರಿ ತಿನ್ನುತ್ತದೆಂದು ಆರೋಗ್ಯ ಇಲಾಖೆಯವರು ಕೋಲಾರದ ಕಡೆ ಹಳ್ಳಿಗಳ ಬಾವಿಗೆ ಬಿಟ್ಟದ್ದೂ ಇದನ್ನೇ. ಆದರೆ ಗಂಡು ಹೆಣ್ಣು ಕೂಡಿ ತಂದರೆ ತಿಂಗಳಿಗೊಮ್ಮೆ ಹೆರಿಗೆ. ಒಮ್ಮೆ ಕೂಡಿದ ಹೆಣ್ಣು ಗಂಡಿಲ್ಲದೆಯೂ ತಿಂಗಳುಗಟ್ಟಲೆ ಮರಿ ಹಾಕುತ್ತಿರುತ್ತದೆ. ಗಂಡುಗಳನ್ನಷ್ಟೇ ತನ್ನಿ, ಬಣ್ಣವೂ ಅವಕ್ಕೇ ಹೆಚ್ಚು. ಫೈಟರ್ ಮೀನು ಸಾಕುವುದಾದರೆ ಒಂದೇ ಒಂದು. ಮೇಲಕ್ಕೆ ಬಂದು ಗಾಳಿ ಕುಡಿಯುವ ಅಂಗ ಅದಕ್ಕಿದೆ, ಅದಕ್ಕೇ ಅಂಗಡಿಯವರು ಲೋಟದಲ್ಲಿ ಇಡುತ್ತಾರೆ. ಲೋಟದಲ್ಲಿ ಸಾಯುವುದಿಲ್ಲ ಅಂದಮಾತ್ರಕ್ಕೆ ಬದುಕಿದೆ ಎನ್ನಲಾಗದು.

ಮಿಸ್ ಕೇರಳ ಎಂಬ ಸುಂದರಿಯ ಮಾತೂ ಇಲ್ಲೇ ಹೇಳಬೇಕು. ಮೈಮೇಲೆ ಕೆಂಪು ಗೆರೆ, ಕಪ್ಪು ಗೆರೆ. 1865ರಲ್ಲಿ ಫ್ರಾನ್ಸಿಸ್ ಡೇ ಇದಕ್ಕೆ ಮದರಾಸಿನ ಗವರ್ನರ್ ಡೆನಿಸನ್ ಹೆಸರಿಟ್ಟ. ಕೊಡಗಿನ ಕಡೆಯಿಂದ ಇಳಿದು ಕಾಸರಗೋಡಿಗೆ ಹರಿಯುವ ಚಂದ್ರಗಿರಿ ಹೊಳೆಯಲ್ಲೂ ಇದು ಇದೆ. 1990ರ ದಶಕದಿಂದ ರಫ್ತಿಗೆಂದು ಹೊಳೆಯಿಂದಲೇ ಬಾಚಿ ಬಾಚಿ ಹಿಡಿದದ್ದರಿಂದ ಈಗ ಅಳಿವಿನಂಚಿನ ಜಾತಿಗಳ ಪಟ್ಟಿಯಲ್ಲಿದೆ. ಗುಂಪಿನಲ್ಲಿ ಓಡುವ ಅರ್ಧ ಅಡಿಯ ಮೀನು. ನಾಲ್ಕಡಿ ತೊಟ್ಟಿ ಇಲ್ಲದವರು ನೋಡಿ ಸಂತೋಷಪಟ್ಟು ಮುಂದೆ ಹೋಗುವುದು ಲೇಸು.

ಅಂಗಡಿಗಳಿಗೆ ಬರುವ ಮೀನು ಬಹಳಷ್ಟು ಚೆನ್ನೈನ ಕೊಳತ್ತೂರು ಕಡೆಯ ಸಾಕಣೆಯವು. ರಾತ್ರಿಯೆಲ್ಲ ಪ್ರಯಾಣ ಮಾಡಿ ಸುಸ್ತಾಗಿರುತ್ತವೆ. ಬಂದ ದಿನವೇ ಕೊಳ್ಳದೆ ನಾಲ್ಕು ದಿನ ಬಿಟ್ಟು ಕೊಂಡರೆ ಸಾಯುವವು ಅಂಗಡಿಯಲ್ಲೇ ಸತ್ತಿರುತ್ತವೆ. ಕಠಿಣ ಮಾತು, ಆದರೆ ನಿಜ. ಮನೆಗೆ ತಂದ ಕವರನ್ನು ಹದಿನೈದು ನಿಮಿಷ ತೊಟ್ಟಿಯಲ್ಲಿ ತೇಲಬಿಡಿ. ಆಮೇಲೆ ಬಾಯಿ ಬಿಚ್ಚಿ, ಐದು ನಿಮಿಷಕ್ಕೊಮ್ಮೆ ಒಂದು ಲೋಟ ತೊಟ್ಟಿಯ ನೀರು ಸೇರಿಸುತ್ತ ಹೋಗಿ. ಕೊನೆಗೆ ಮೀನನ್ನು ಬಲೆಯಲ್ಲಿ ಎತ್ತಿ ಬಿಟ್ಟು ಕವರಿನ ನೀರು ಹೊರಗೆ ಚೆಲ್ಲಿ. ಎಲ್ಲ ಮೀನೂ ಒಂದೇ ದಿನ ಬೇಡ. ಅರ್ಧ ಇವತ್ತು, ಮಿಕ್ಕರ್ಧ ಎರಡು ವಾರ ಬಿಟ್ಟು.

ತಿಂಡಿ ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟು, ದಿನಕ್ಕೊಮ್ಮೆ. ಅಂಗಡಿಯ ತೊಟ್ಟಿಯಲ್ಲಿ ಗಿರಾಕಿಗಳ ಮಕ್ಕಳು ಕಡ್ಲೆಪುರಿ, ಬಿಸ್ಕತ್ತು ಹಾಕುತ್ತಾರೆ. ಭಕ್ತಿವಂತರು ಕಾಸು ಹಾಕುತ್ತಾರೆ. ಎರಡೂ ಕೊಲೆಯೇ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ತಿಕ್ಕಿ ತೊಳೆದರೆ ಮತ್ತೆ ನಾಲ್ಕು ವಾರ ಹಿಂದಕ್ಕೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು. ಎಲ್ಲಕ್ಕಿಂತ ದೊಡ್ಡ ವೈರಿ ಸೊಳ್ಳೆ, ಜಿರಳೆಗೆ ಹೊಡೆಯುವ ಸ್ಪ್ರೇ. ಅದರಲ್ಲಿರುವ ಪೈರೆತ್ರಾಯ್ಡ್ ಎಂಬ ಔಷಧಿ ಮನುಷ್ಯರಿಗಿಂತ ಮೀನಿಗೆ ಬಹಳ ಬಹಳ ವಿಷ. ಗಾಳಿ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ. ಹೊಡೆಯಲೇಬೇಕಾದರೆ ತೊಟ್ಟಿಗೆ ಒದ್ದೆ ಬಟ್ಟೆ ಮುಚ್ಚಿ, ಪಂಪು ನಿಲ್ಲಿಸಿ, ಕಿಟಕಿ ತೆರೆದು ವಾಸನೆ ಹೋದ ಮೇಲೆ ಮತ್ತೆ ಹಾಕಿ. ಆಯುಧಪೂಜೆ ದಿನ ತೊಟ್ಟಿಗೂ ಅರಿಶಿನ ಕುಂಕುಮ ಹಚ್ಚುವವರು ಹೊರಗಿನ ಗಾಜಿಗೆ ಹಚ್ಚಿದರೆ ಸಾಕು.

ಕೆರೆಗೆ ಬಿಟ್ಟರೆ ಪುಣ್ಯವಲ್ಲ

ತೊಟ್ಟಿಯ ಪಾಚಿ ತಿನ್ನುತ್ತದೆ ಅಂತ ಅಂಗಡಿಯವನು ಬೆರಳುದ್ದದ ಒಂದು ಕಪ್ಪು ಮೀನು ಜೊತೆಗೆ ಕಟ್ಟಿಕೊಡುತ್ತಾನೆ. 'ಸಕ್ಕರ್' ಅದರ ಹೆಸರು, ದಕ್ಷಿಣ ಅಮೆರಿಕದ್ದು. ಗಾಜಿಗೆ ಬಾಯಿ ಅಂಟಿಸಿಕೊಂಡು ಸುಮ್ಮನಿರುತ್ತದೆ. ಕ್ರಮೇಣ ಅಡಿಯುದ್ದ, ಒಂದೂವರೆ ಅಡಿಯುದ್ದ. ಪಾಚಿ ಬಿಟ್ಟು ತಿಂಡಿಗೆ ಬಾಯಿ ಹಾಕುತ್ತದೆ, ಗಿಡ ಬುಡಮೇಲು ಮಾಡುತ್ತದೆ. ಕೊಲ್ಲಲು ಮನಸ್ಸು ಬಾರದು, ಸಾಕಲು ಜಾಗವಿಲ್ಲ. ಆಗ ಒಂದು ಭಾನುವಾರ ಬೆಳಿಗ್ಗೆ ಬಕೆಟ್ ಹಿಡಿದು ಕೆರೆಗೆ ಹೊರಡುತ್ತಾರೆ.

ನಮ್ಮ ಕಡೆ ಕೆರೆಗೇನು ಬರ? ಜಯನಗರದ ಬದಿಗೆ ಯಡಿಯೂರು ಕೆರೆ, ಜೆ.ಪಿ. ನಗರಕ್ಕೆ ಸಾರಕ್ಕಿ, ಪುಟ್ಟೇನಹಳ್ಳಿ, ಬಿಟಿಎಂಗೆ ಮಡಿವಾಳ ಕೆರೆ. ಬಿಟಿಎಂ ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಹೆಸರಿನೊಳಗೇ ಒಂದು ಕೆರೆ ಕೂತಿದೆ. ಪುಟ್ಟೇನಹಳ್ಳಿ ಕೆರೆಯನ್ನು 2010ರಿಂದ ಸುತ್ತಲಿನ ನಿವಾಸಿಗಳೇ ಟ್ರಸ್ಟು ಕಟ್ಟಿಕೊಂಡು ಕಾಪಾಡಿಕೊಂಡು ಬಂದರು. ಸಾರಕ್ಕಿ ಕೆರೆಯ ಒತ್ತುವರಿಯನ್ನು 2015ರಲ್ಲಿ ಬುಲ್ಡೋಜರ್ ತಂದು ಬಿಡಿಸಬೇಕಾಯಿತು. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ನೀರಿಗೆ ಈ ಸಕ್ಕರ್ ಬಿದ್ದರೆ ಕೇಳುವವರಿಲ್ಲ. ಮೈಯೆಲ್ಲ ಗಟ್ಟಿ ಕವಚ, ನಮ್ಮ ಹಕ್ಕಿಗಳಿಗೆ ನುಂಗಲು ಕಷ್ಟ. ಕೊಳಚೆ ನೀರಿನಲ್ಲೂ ಬದುಕುತ್ತದೆ. ದಂಡೆಯಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತದೆ. ಕೋಲ್ಕತ್ತದ ಪೂರ್ವದ ಜೌಗು ಕೆರೆಗಳಲ್ಲಿ, ಆಂಧ್ರ, ತೆಲಂಗಾಣದ ನೀರಿನಲ್ಲಿ ಬಲೆ ಎಳೆದ ಬೆಸ್ತರಿಗೆ ಇದೇ ಸಿಕ್ಕಿ ಬಲೆ ಹರಿದುಕೊಂಡ ಅನುಭವ ಹೊಸದಲ್ಲ. ಕೇರಳದಲ್ಲಿ 2018ರ ಪ್ರವಾಹದಲ್ಲಿ ಸಾಕಿದವರ ಕೊಳಗಳಿಂದ ತಪ್ಪಿಸಿಕೊಂಡ ಆರಾಪೈಮ ಎಂಬ ಅಮೆಜಾನಿನ ದೈತ್ಯ ಮೀನು ಚಾಲಕ್ಕುಡಿ ಹೊಳೆಯಲ್ಲಿ ಸಿಕ್ಕಿತ್ತು.

ಶೃಂಗೇರಿಯ ತುಂಗೆಯಲ್ಲಿ ಮೀನಿಗೆ ಪುರಿ ಹಾಕಿ ಕೈಮುಗಿಯುವ ಜನ ನಾವು. ಕೆರೆಗೆ ಮೀನು ಬಿಟ್ಟರೆ ಒಂದು ಜೀವ ಉಳಿಯಿತು ಅನ್ನಿಸುವುದು ಸಹಜ. ಆ ಒಂದು ಜೀವ ಕೆರೆಯ ಎಷ್ಟು ಮೊಟ್ಟೆ ಮರಿ ತಿಂದೀತು ಎಂಬುದು ದಂಡೆಯ ಮೇಲೆ ನಿಂತವರಿಗೆ ಕಾಣುವುದಿಲ್ಲ. ಗೋಲ್ಡ್‌ಫಿಶ್, ಗಪ್ಪಿ, ಬಣ್ಣದ ಆಮೆ ಯಾವುದಕ್ಕೂ ಇದೇ ಮಾತು.

ಸಾಕಲಾಗದಿದ್ದರೆ ತಂದ ಅಂಗಡಿಗೇ ಹಿಂದಕ್ಕೆ ಕೊಡಿ. ದುಡ್ಡು ವಾಪಸು ಬರದು, ಆದರೆ ದೊಡ್ಡ ಮೀನನ್ನು ಬೇಡ ಅನ್ನುವವರು ಕಡಿಮೆ. ದೊಡ್ಡ ತೊಟ್ಟಿಯವರು ಬೀದಿಗೊಬ್ಬರಾದರೂ ಇರುತ್ತಾರೆ, ವಿಚಾರಿಸಿ. ಗಿಡ ಕತ್ತರಿಸಿದಾಗ ಬಂದ ತುಂಡುಗಳನ್ನೂ ಮೋರಿಗೆ ಎಸೆಯಬಾರದು. ಮಳೆ ನೀರಿನ ಜೊತೆ ಹೋಗಿ ರಾಜಕಾಲುವೆ ಸೇರಿ ಅಲ್ಲೂ ಬೇರು ಬಿಡುತ್ತವೆ. ಮಹಡಿಯ ಬಿಸಿಲಿನಲ್ಲಿ ಎರಡು ದಿನ ಒಣಗಿಸಿ ಹಸಿ ಕಸದ ಡಬ್ಬಿಗೆ ಹಾಕಿ, ಇಲ್ಲವೇ ಹೊಸದಾಗಿ ತೊಟ್ಟಿ ಇಡುವ ನೆರೆಯವರಿಗೆ ಒಂದು ಕವರಿನಲ್ಲಿ ಕಟ್ಟಿಕೊಡಿ.